ಈರುಳ್ಳಿ ಸಿಪ್ಪೆಯ ಅಂಗಿ

ಒಂದು ಪೆಸೊಗೆ ನಾಲ್ಕು ನಿಮಿಷ.
ಡಬ್ಬಿಯ ಸೀಳಿನೊಳಗೆ ನಾಣ್ಯ ಟಣ್ಣೆಂದು ಬಿದ್ದು
ಪರದೆಯ ಮೂಲೆಯಲ್ಲಿ ಕೆಂಪಂಕಿ ಇಳಿಯತೊಡಗಿತೆಂದರೆ
ಇಲೋಯಿಲೋ ನದಿಯ ಕೆಸರು ವಾಸನೆ,
ಅವ್ವನ ಬ್ಯಾಚೊಯ್ ಅಂಗಡಿಯಲ್ಲಿ ತೊಳೆಯದೆ ಬಿಟ್ಟು ಬಂದ
ಜಿಡ್ಡು ಜಿಡ್ಡು ಬೋಗುಣಿಗಳ ರಾಶಿ
ಎಲ್ಲ ಬೆನ್ನ ಹಿಂದೆ.

ಆರಿಸಿಕೊಳ್ಳುವಾಗ ಯಾರೂ ಹೇಳಲಿಲ್ಲ.
ಗುರಾಣಿಯವನಿದ್ದ, ಕೊಡಲಿಯವಳಿದ್ದಳು,
ನನ್ನ ಕಣ್ಣಿಗೆ ಬಿದ್ದವಳು
ಬೆರಳ ತುದಿಯಲ್ಲಿ ನೀಲಿ ಬೆಂಕಿ ಕುಣಿಸುತ್ತಿದ್ದವಳು.
ಹೆಸರಿಟ್ಟೆ: ಬಿತುವೊನ್. ನಮ್ಮ ಮಾತಿನಲ್ಲಿ ನಕ್ಷತ್ರ.

ಮೊದಲ ಹುಲ್ಲುಗಾವಲಿನ ಮೊದಲ ಕಾಡುಹಂದಿ
ಸುಮ್ಮನೆ ಹೊರಳಿ ನೋಡಿತು, ಅಷ್ಟೆ.
ಸತ್ತೆ.
ಎದ್ದು ಬಂದು ಮಂತ್ರದ ಅರ್ಧದಲ್ಲಿ ಸತ್ತೆ.
ಓಡುತ್ತ ಸತ್ತೆ. ನಿಂತು ಸತ್ತೆ.
ಹಂದಿಯ ಮರಿಯೂ ಒಮ್ಮೆ ಕೊಂದಿತು,
ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಪಕ್ಕದ ಗೂಡಿನ ಜೊಮಾರಿ ಹೇಳದೆಯೂ ನೋಡಿಬಿಟ್ಟಿದ್ದ.
ಅವನದು ಕಬ್ಬಿಣ ಹೊದ್ದ ಗುರಾಣಿವೀರ,
ಮೂರು ಹಂದಿ ಮೈಮೇಲೆ ಬಿದ್ದರೂ
ಐಸ್ ಕ್ಯಾಂಡಿ ಚೀಪುತ್ತ ಒಂದೇ ಕೈಯಲ್ಲಿ ಆಡುವವನು.
'ಅಳಿಸಿಹಾಕು ಅವಳನ್ನ. ಹಾಳೆಯ ಗೊಂಬೆ.'

ಅಂಗಡಿಯೊಡತಿ ಮನಂಗ್ ಇತಿಂಗ್,
ಒಂದು ಕಣ್ಣಿಗೆ ಪೊರೆ, ಅರವತ್ತರ ಮೇಲೆ ವಯಸ್ಸು,
ಚಿಲ್ಲರೆ ಎಣಿಸುತ್ತಲೇ ನನ್ನ ಬೆನ್ನ ಹಿಂದೆ ಬಂದು ನಿಂತಳು.
'ಅಂಗಿ ನೋಡೇ ಇಂದಾಯ್, ಈರುಳ್ಳಿ ಸಿಪ್ಪೆ.
ಅದು ಏಟು ತಡೆಯೋಕಲ್ಲ.
ಓಡಿದರೆ ಮಂತ್ರ ತುಂಡಾಗತ್ತೆ, ನಿಂತೇ ಇದ್ದರೆ ನೀನು.
ಇವೆರಡರ ನಡುವೆ ಎರಡೂವರೆ ಸೆಕೆಂಡಿದೆ.
ಅದೇ ನಿನ್ನ ಮನೆ. ಅಲ್ಲಿರೋದು ಕಲಿ.'

ಕಲಿತೆ.
ಮೊದಲು ಹಿಮ: ಅದರ ಕಾಲು ಕಟ್ಟು.
ಹನ್ನೊಂದು ಹೆಜ್ಜೆ ಹಿಂದೆ, ಬೆನ್ನು ತೋರಿಸದೆ.
ಈಗ ಬೆಂಕಿ. ಇಸಾ, ದುಹಾ, ಇನ್ನರ್ಧ ಉಸಿರು,
ಹೋಯಿತು ಕಿಡಿ, ಕಾಲಿಗೆ ಬುದ್ಧಿ ಹೇಳು.
ಬೋಗುಣಿ ತೊಳೆಯುವಾಗಲೂ ಎಣಿಸಿದೆ,
ಕುದಿಯುವ ಎಲುಬು ಸಾರಿನ ಹಂಡೆಯಿಂದ
ಎಷ್ಟು ದೂರ ನಿಂತರೆ ಸಿಡಿಯುವುದಿಲ್ಲವೆಂದು.
ಬದುಕಿನ ಪಾಠ ಗೀಠ ಏನಲ್ಲ ಬಿಡಿ,
ಅವ್ವನ ಚಪ್ಪಲಿಯ ಮುಂದೆ
ಹನ್ನೊಂದು ಹೆಜ್ಜೆ ಸಾಲುವುದಿಲ್ಲ.

ಉಪ್ಪಿನ ಗುಹೆಯ ಏಡಿರಾಜನ ರಾತ್ರಿ
ಮುಂದೆ ಜೊಮಾರಿ, ಅವನ ಗುರಾಣಿ.
ಕೌಂಟರಿನ ಯಂತ್ರದಿಂದ ಮನಂಗ್ ಇತಿಂಗ್
ಒಂದೇ ಕಣ್ಣಲ್ಲಿ ನಮ್ಮ ಗಾಯಗಳನ್ನು ಹೊಲಿಯುತ್ತಿದ್ದಳು.
ಎಲ್ಲರಿಗಿಂತ ಹಿಂದೆ ನಾನು. ಆರು ಸೆಕೆಂಡಿನ ಮಹಾಮಂತ್ರ,
ನನ್ನ ಹೊರತು ಯಾರಿಗೂ ಬಾರದ್ದು.
ಶುರುಮಾಡಿದೆ.
ಕೆಂಪಂಕಿ ನೋಡಿದೆ: ನಾಲ್ಕು.

ಜೇಬು ತಡಕಲು ಕೈ ಬಿಟ್ಟರೆ ಮಂತ್ರ ಮುರಿಯುತ್ತದೆ.
ಜೇಬಿನಲ್ಲಿ ಇದ್ದದ್ದಾದರೂ ಏನು, ಒಂದು ಬೆಳ್ಳುಳ್ಳಿ ಎಸಳು.
ಮೂರು.
'ನಾಣ್ಯ' ಅಂದೆನೋ, ಅನ್ನಲಿಲ್ಲವೋ.
ಎರಡು.
ಗೂಡಿನ ಪ್ಲೈವುಡ್ ಗೋಡೆಯ ಮೇಲಿಂದ
ಸಕ್ಕರೆ ಅಂಟಿದ ಕೈಯೊಂದು ಇಳಿದು ಬಂತು,
ನನ್ನ ಡಬ್ಬಿಯಲ್ಲಿ ಟಣ್.

ಆ ಕೈ ಗುರಾಣಿ ಹಿಡಿದಿರಬೇಕಾದ ಕೈ.
ಏಡಿಯ ಕೊಂಬು ಎತ್ತಿತು, ಇಳಿಯಿತು,
ಕಬ್ಬಿಣದ ವೀರ ಕಂಬದಂತೆ ನಿಂತಲ್ಲೇ ಸತ್ತ.
ಅವನ ಹೆಣದ ಮೇಲಿಂದ ಹಾದುಹೋಯಿತು ನನ್ನ ನೀಲಿ ಬೆಂಕಿ,
ಗುಹೆಯ ಉಪ್ಪೆಲ್ಲ ಒಮ್ಮೆಗೆ ಬೆಳಗಿತು.

ಯಾರೂ ಕೂಗಲಿಲ್ಲ.
ಮನಂಗ್ ಇತಿಂಗ್ ಕನ್ನಡಕ ತೆಗೆದು ಒರೆಸಿಕೊಂಡಳು.
ಬೂದುಬಣ್ಣದ ಪರದೆಯೆದುರು ಕೂತು ಜೊಮಾರಿ
'ಸಾಯೋದು ಹೀಗಿರತ್ತಾ' ಅಂದ.
'ನಿನಗೆ ಅಭ್ಯಾಸ. ನನಗಿರಲಿಲ್ಲ.'

ಅವನ ಪೆಸೊ ಇನ್ನೂ ತೀರಿಸಿಲ್ಲ, ಬೇಡ ಅನ್ನುತ್ತಾನೆ.
ಮರುದಿನ ಶಾಲೆ ಬಿಟ್ಟ ಮೇಲೆ ನೋಡಿದರೆ
ಗೋಡೆಯಾಚೆ ಹೊಸಬಳೊಬ್ಬಳು,
ಸಿಪ್ಪೆಯಂಗಿ, ಬೆರಳ ತುದಿಯಲ್ಲಿ ಕಿಡಿ.
ಹುಲ್ಲುಗಾವಲಿನಲ್ಲಿ ಕಾಡುಹಂದಿ
ಸುಮ್ಮನೆ ಹೊರಳಿ ನೋಡಿತು.